ಮೇಜಿನ ಕೆಳಗಿನ ಡಬ್ಬ

ಹೊಸ ಕಂಪ್ಯೂಟರು ಮನೆಗೆ ಬಂದು ಮೂರು ವಾರವಾಗಿತ್ತು. ಬಂದ ಪೆಟ್ಟಿಗೆಯಲ್ಲೇ, ಬಾಯಿಗೆ ಅಂಟಿಸಿದ ಟೇಪನ್ನೂ ಬಿಚ್ಚಿಸಿಕೊಳ್ಳದೆ, ಮಾವನ ಕೆಲಸದ ಕೋಣೆಯ ಬಾಗಿಲ ಹಿಂದೆ ನಿಂತಿತ್ತು. ಮಾವ ತಮ್ಮ ಏಪ್ರನ್ ಮಡಚಿ ಅದರ ಮೇಲೆ ಇಡಲು ಶುರುಮಾಡಿದ ದಿನ ಸೊಸೆಗೆ ಗೊತ್ತಾಯಿತು, ಹೀಗೇ ಬಿಟ್ಟರೆ ಇದು ಇನ್ನೊಂದು ತಿಂಗಳಲ್ಲಿ ಸ್ಟೂಲಾಗುತ್ತದೆ ಎಂದು.

ಹಳೆಯದಕ್ಕೋ, ಆಗಲೇ ಮೇಲುಸಿರು. ಗುಂಡಿ ಒತ್ತಿದರೆ ಒಳಗಿನಿಂದ ಕಟಕ್ ಕಟಕ್ ಎಂದು, ಯಾರೋ ಹಲ್ಲು ಕಡಿಯುವ ಹಾಗೆ ಸದ್ದು. ಒಮ್ಮೊಮ್ಮೆ ಮೂರನೆಯ ಸಲಕ್ಕೆ ಏಳುತ್ತಿತ್ತು, ಒಮ್ಮೊಮ್ಮೆ ಐದನೆಯ ಸಲಕ್ಕೆ. ಅದರೊಳಗೆ ಮಾವನ ಹದಿನಾರು ವರ್ಷದ ಇಮೇಲ್ ಇತ್ತು. ಬೇರೆಲ್ಲೂ ಇರಲಿಲ್ಲ. ಪತ್ರ ಬಂದ ಕೂಡಲೇ ಈ ಪೆಟ್ಟಿಗೆಗೆ ಇಳಿದು ಮೇಲ್ ಕಂಪನಿಯ ಕಡೆ ಅಳಿಸಿಹೋಗುವ ಹಾಗೆ, ಯಾವ ಕಾಲದಲ್ಲೋ ಯಾರೋ ಬುದ್ಧಿವಂತರು ವ್ಯವಸ್ಥೆ ಮಾಡಿ ಹೋಗಿದ್ದರು.

ಮಾವ ಕೃತಕ ಕಣ್ಣು ಮಾಡುವವರು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ, ಇರುವ ಇನ್ನೊಂದು ಕಣ್ಣಿಗೆ ಜೋಡಿಯಾಗುವಂತೆ ಅಕ್ರಿಲಿಕ್ಕಿನ ಕಣ್ಣನ್ನು ಕೈಯಲ್ಲೇ ತಿದ್ದಿ, ಬಣ್ಣ ಹಚ್ಚಿ, ಕೆಂಪು ರೇಷ್ಮೆ ನೂಲಿನ ಒಂದೊಂದೇ ಎಳೆ ಅಂಟಿಸಿ ರಕ್ತನಾಳ ಮೂಡಿಸಿ ಕೊಡುತ್ತಿದ್ದರು. ನಲವತ್ತು ವರ್ಷದ ಕಸುಬು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಆ ಕೋಣೆಗೆ ಹೋಗಲು ಮುಜುಗರವಾಗುತ್ತಿತ್ತು. ಟ್ರೇಗಳಲ್ಲಿ ಸಾಲಾಗಿ ಕೂತ ಕಣ್ಣುಗಳೆಲ್ಲ ಅವಳ ಸೆರಗು ಸರಿಯಿದೆಯೋ ಇಲ್ಲವೋ ಎಂದು ನೋಡಿದಂತಿರುತ್ತಿತ್ತು. ಈಗ ಹನ್ನೊಂದು ವರ್ಷವಾಯಿತು. ಈಗ ಅವಳೇ ಅವಕ್ಕೆ ಧೂಳು ಒರೆಸುತ್ತಾಳೆ.

ಶನಿವಾರ ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಅವಳು ಏಪ್ರನ್ ತೆಗೆದು ಮೊಳೆಗೆ ನೇತುಹಾಕಿ ಪೆಟ್ಟಿಗೆಯ ಟೇಪು ಕಿತ್ತಳು.

"ಇವತ್ತೇ ಆಗಬೇಕಾ?" ಎಂದರು ಮಾವ, ಕುರ್ಚಿಯಿಂದ ಏಳದೆ.

"ಇವತ್ತು ಬಿಟ್ಟರೆ ಅದು ನಾಳೆ ಏಳುತ್ತೋ ಇಲ್ವೋ ಮಾವ. ರಾತ್ರಿಯೆಲ್ಲ ಕೆಮ್ಮೋ ಮುದುಕನ್ನ ಇನ್ನೆಷ್ಟು ದಿನ ಅಂತ ದುಡಿಸ್ತೀರ?"

"ನನ್ನನ್ನ ಅಂತಿದ್ದೀಯೋ ಅದನ್ನ ಅಂತಿದ್ದೀಯೋ?"

"ನೀವು ಕೆಮ್ಮಲ್ಲವಲ್ಲ."

ಮಾವ ನಗಲಿಲ್ಲ. ಬಣ್ಣದ ಸೀಸೆಗಳನ್ನು ಇದ್ದ ಸಾಲಿನಲ್ಲೇ ಇನ್ನೊಮ್ಮೆ ಸರಿಪಡಿಸಿದರು. ಈಚೆಗೆ ಅವರು ಸೀಸೆಯನ್ನು ಬಣ್ಣ ನೋಡಿ ಎತ್ತುತ್ತಿರಲಿಲ್ಲ, ಎಡಗಡೆಯಿಂದ ಎಷ್ಟನೆಯದು ಎಂದು ಬೆರಳಲ್ಲಿ ಎಣಿಸಿ ಎತ್ತುತ್ತಿದ್ದರು. ಸೊಸೆ ಅದನ್ನು ಗಮನಿಸಿದ್ದಳು. ಎರಡು ಕಣ್ಣಿಗೂ ಪೊರೆ ಬಂದಿದೆ, ಎಲ್ಲವೂ ಹಳದಿಗಟ್ಟಿ ಕಾಣುತ್ತಿರಬಹುದು, ಮುಂದಿನ ತಿಂಗಳು ಆಪರೇಷನ್ ಎಂದು ಡಾಕ್ಟರು ಬರೆದಿದ್ದ ಚೀಟಿ ಅವರ ಅಂಗಿಯ ಜೇಬಿನಲ್ಲಿ ಬಟ್ಟೆ ಒಗೆಯುವಾಗ ಸಿಕ್ಕಿತ್ತು. ಓದಿ, ಮಡಚಿ, ಇನ್ನೊಂದು ಅಂಗಿಯ ಜೇಬಿಗೆ ಹಾಕಿ ಇಟ್ಟಿದ್ದಳು. ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

"ಚಿಕ್ಕ ಮೇಷ್ಟ್ರು ಸೋಮವಾರ ಬರ್ತಾಳೆ," ಎಂದರು ಮಾವ. ಚಿಕ್ಕ ಮೇಷ್ಟ್ರು ಎಂದರೆ ಒಂಬತ್ತು ವರ್ಷದ ಹುಡುಗಿ. ಯಾರು ಏನು ಹೇಳಿದರೂ ತಿದ್ದುತ್ತಾಳೆಂದು ಮಾವನೇ ಇಟ್ಟ ಹೆಸರು. ಹಸುಗೂಸಾಗಿದ್ದಾಗಲೇ ಎಡಗಣ್ಣು ಹೋಗಿತ್ತು. ಮುಖ ಬೆಳೆದ ಹಾಗೆಲ್ಲ ಮಕ್ಕಳ ಚಪ್ಪಲಿಯಂತೆ ಅವಳ ಕಣ್ಣಿನ ಅಳತೆಯೂ ಬದಲಾಗುತ್ತಿತ್ತು. "ಗುರುವಾರ ಹೊಸ ಶಾಲೆಗೆ ಸೇರ್ತಾಳಂತೆ. ಅವಳ ಕಣ್ಣಿನ ಬಣ್ಣದ ಲೆಕ್ಕ ಎಲ್ಲ ಈ ಪೆಟ್ಟಿಗೇಲೇ ಇದೆ. ಅದೊಂದು ಹೋದರೆ..."

ಮೊದಲಾಗಿದ್ದರೆ ಹುಡುಗಿಯನ್ನು ಕಿಟಕಿ ಪಕ್ಕ ಕೂರಿಸಿ, ಅವಳ ಬಲಗಣ್ಣನ್ನು ಹತ್ತು ನಿಮಿಷ ನೋಡಿ, ಹೊಸದಾಗಿ ಬಣ್ಣ ಕಲಸಿಬಿಡುತ್ತಿದ್ದರು. ಈಗ ಆ ಹತ್ತು ನಿಮಿಷವನ್ನು ಅವರು ನಂಬುವಂತಿರಲಿಲ್ಲ. ಲೆಕ್ಕವಿದ್ದರೆ ಕಣ್ಣು, ಇಲ್ಲದಿದ್ದರೆ ಹುಡುಗಿ ಎರಡು ಬಣ್ಣದ ಕಣ್ಣು ಹೊತ್ತುಕೊಂಡು ಹೊಸ ಶಾಲೆಗೆ ಹೋಗಬೇಕು.

"ಒಂದೂ ಹೋಗಲ್ಲ," ಎಂದಳು ಸೊಸೆ. "ಎಂಬತ್ತು ಸಾವಿರ ಫೈಲು ದಾಟಿಸಿದವಳು ನಾನು."

ಬಡಾಯಿಯಾಗಿರಲಿಲ್ಲ. ಅವಳು ಆಸ್ಪತ್ರೆಯೊಂದರ ದಾಖಲೆ ಕೋಣೆಯವಳು. ಎರಡು ವರ್ಷದ ಹಿಂದೆ ಆಸ್ಪತ್ರೆ ಹಳೆಯ ಕಟ್ಟಡ ಬಿಟ್ಟು ಹೊಸದಕ್ಕೆ ಹೋದಾಗ ಅಷ್ಟೂ ಫೈಲು ಅವಳ ಕಣ್ಣೆದುರೇ ಲಾರಿ ಹತ್ತಿ ಇಳಿದಿದ್ದವು, ಒಂದೂ ಕಳೆದಿರಲಿಲ್ಲ. ಆಗ ಕಲಿತದ್ದು ಇಷ್ಟೇ: ಎಣಿಸದೆ ಎತ್ತಬಾರದು, ಸಾಗಿಸುವಾಗ ಆರಿಸಬಾರದು, ಮತ್ತು ಹೊಸ ಜಾಗದಲ್ಲಿ ಒಂದು ವಾರ ಕೆಲಸ ಸುಸೂತ್ರ ನಡೆಯುವ ತನಕ ಹಳೇ ಕೋಣೆಯ ಬೀಗದ ಕೈ ದೇವರು ಕೇಳಿದರೂ ಕೊಡಬಾರದು.

ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತಳು. ನಡುವೆ ಹೊಸ ಪತ್ರ ಬಂದು ಎಣಿಕೆ ಕೆಡಬಾರದು. ಹಳೆಯದು ನಾಲ್ಕನೆಯ ಸಲಕ್ಕೆ ಎದ್ದಿತು. ಹುಡುಗಿಯ ಲೆಕ್ಕವನ್ನು ಮೊದಲು ಹುಡುಕಿ ಕಾಗದಕ್ಕೆ ಬರೆದುಕೊಳ್ಳೋಣವೇ ಎಂದು ಒಂದು ಗಳಿಗೆ ಯೋಚಿಸಿ, ಬೇಡವೆಂದು ಬಿಟ್ಟಳು. ಇದು ಹುಡುಕುತ್ತ ಹುಡುಕುತ್ತಲೇ ಕಣ್ಣು ಮುಚ್ಚಿದರೆ ಒಂದರ ಆಸೆಗೆ ಎಲ್ಲವೂ ಹೋದೀತು. ಉಸಿರಿರುವಾಗಲೇ ಇಡಿಯಾಗಿ ನಕಲು ತೆಗೆಯಬೇಕು.

ಒಂದು ಹಾಳೆ ತೆಗೆದುಕೊಂಡು ಪ್ರತಿ ಫೋಲ್ಡರಿನ ಹೆಸರನ್ನೂ ಅದರ ಎದುರು ಪತ್ರಗಳ ಸಂಖ್ಯೆಯನ್ನೂ ಬರೆದಳು. ಬಂದವು, 6218. ಕಳಿಸಿದವು, 3904. ಡಾಕ್ಟರುಗಳು, 877. ಸಾಮಾನು ತರಿಸುವವರು, 402. ಕೊನೆಯಲ್ಲಿ ಟ್ರ್ಯಾಶ್, ಅಂದರೆ ಅಳಿಸಿದ ಪತ್ರಗಳು ಹೋಗಿ ಬೀಳುವ ಬುಟ್ಟಿ, 1340.

"ಕಸನೂ ಎಣಿಸ್ತಾರಾ ಅತ್ತಿಗೆ?"

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಎರಡು ಬೀದಿ ಆಚೆ ಅವಳದೊಂದು ಹೊಲಿಗೆ ಅಂಗಡಿ. ಮಾತಿಗಿಂತ ಮುಂಚೆ ಕೈ ಓಡುವ ಹೆಂಗಸು. ಅಳತೆ ಹೇಳಿ ಮುಗಿಸುವುದರೊಳಗೆ ಬಟ್ಟೆ ಕತ್ತರಿಸಿರುತ್ತಾಳೆ ಎಂದು ಗಿರಾಕಿಗಳು ಹೆದರುತ್ತಿದ್ದರು.

"ಮನೆ ಬದಲಾಯಿಸೋವಾಗ ಕಸದ ಬುಟ್ಟೀನೂ ಲಾರಿಗೆ ಹಾಕೋರನ್ನ ಇವತ್ತೇ ನೋಡ್ತಿರೋದು."

"ಸಾಗಿಸುವಾಗ ಆರಿಸಬಾರದು. ಆರಿಸೋದು ಬೇರೆ ದಿನದ ಕೆಲಸ. ನೀನು ಬಂದಿದ್ದು ಸಹಾಯಕ್ಕೋ, ಹಳೇ ಕಂಪ್ಯೂಟರ್ ಎತ್ಕೊಂಡು ಹೋಗೋದಕ್ಕೋ?"

"ಎರಡಕ್ಕೂ. ಅದಕ್ಕೊಂದು ಹೊಸ ಡಿಸ್ಕ್ ಹಾಕಿಸಿದರೆ ಅಂಗಡೀಲಿ ಹಾಡು ಹಾಕ್ಕೋಬಹುದು. ಮಷೀನ್ ಸದ್ದು ಕೇಳಿ ಕೇಳಿ ಕಿವಿ ಹರಿದುಹೋಗಿದೆ."

"ಮುಂದಿನ ಶನಿವಾರ ಬಾ. ಅಲ್ಲೀ ತನಕ ಬೀಗದ ಕೈ ನನ್ನ ಹತ್ರ."

"ಯಾವ ಬೀಗದ ಕೈ?"

"ಇದೆ ಒಂದು."

ಮೇಲ್ ನೋಡುವ ಪ್ರೋಗ್ರಾಮನ್ನು ಪೂರ್ತಿ ಮುಚ್ಚಿದಳು. ತೆರೆದಿಟ್ಟ ಕಪಾಟನ್ನು ಎತ್ತಿದರೆ ಒಳಗಿರುವುದು ಚೆಲ್ಲುತ್ತದೆ. ಪತ್ರಗಳೆಲ್ಲ ಅಡಗಿ ಕೂತಿದ್ದ ಫೋಲ್ಡರನ್ನು ಇದ್ದ ಹಾಗೇ, ಕಿತ್ತು ಸಾಗಿಸದೆ, ನಕಲು ಮಾಡಿ ಹೊರಗಿನ ಡಿಸ್ಕಿಗೆ ಇಳಿಸಿದಳು. ಒಂದು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತೂ ಪೆಟ್ಟಿಗೆ ಕಟಕ್ ಎಂದಾಗಲೆಲ್ಲ ಮಾವ ಪಕ್ಕದ ಕೋಣೆಯಿಂದ ಕೆಮ್ಮುತ್ತಿದ್ದರು. ಎರಡೂ ಕಡೆಯ ಗಾತ್ರ ತಾಳೆ ನೋಡಿ, ಡಿಸ್ಕಿನಿಂದ ಹೊಸ ಕಂಪ್ಯೂಟರಿಗೆ ನಕಲು ಮಾಡಿ, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಸಕ್ಕರೆ ಡಬ್ಬದ ಹಿಂದೆ ಇಟ್ಟಳು. ಹೊಸದರಲ್ಲಿ ಪ್ರೋಗ್ರಾಮ್ ತೆರೆದು ಹಾಳೆಯೊಂದಿಗೆ ಕೂತಳು. 6218, ಸರಿ. 3904, ಸರಿ. ಒಂದೊಂದಕ್ಕೂ ಟಿಕ್ ಹಾಕುತ್ತ ಬಂದು 1340ಕ್ಕೂ ಟಿಕ್ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದಳು.

"ನೋಡಿದ್ಯಾ?"

"ನೋಡಿದೆ ಅತ್ತಿಗೆ. ಒಂದು ಹಾರ ತರಿಸ್ಲಾ?"

ಸೊಸೆ ಟೀ ಮಾಡಲು ಎದ್ದಳು. ನಾದಿನಿ ಅವಳ ಜಾಗದಲ್ಲಿ ಕೂತು, "ಅಪ್ಪನಿಗೆ ಕಾಣೋ ಹಾಗೆ ಅಕ್ಷರ ದೊಡ್ಡದು ಮಾಡಿರ್ತೀನಿ," ಎಂದಳು. ಅಕ್ಷರ ದೊಡ್ಡದು ಮಾಡುವುದರಲ್ಲಿ ತಪ್ಪೇನು?

ಟೀ ಕುಡಿದು ಮಾವನನ್ನು ಕರೆದರು. ಮಾವ ಹೊಸ ಪರದೆಯ ಮುಂದೆ ಕೂತು, ಬಂದ ಪತ್ರಗಳತ್ತ ಕಣ್ಣೂ ಹಾಯಿಸದೆ, ಕರ್ಸರನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿ ಟ್ರ್ಯಾಶಿನ ಮೇಲೆ ಒತ್ತಿದರು. ಪರದೆ ಬಿಳಿಯಾಗಿತ್ತು. ಒಂದು ಸಾಲೂ ಇಲ್ಲ. ಇನ್ನೊಮ್ಮೆ ಒತ್ತಿದರು.

"ನನ್ನ ಕಣ್ಣಿಗೆ ಕಾಣಿಸ್ತಿಲ್ವೋ, ಇಲ್ಲೇ ಇಲ್ವೋ?" ಎಂದರು ಮೆಲ್ಲಗೆ.

"ಅದು ಕಸ ಅಲ್ವಾ ಅಪ್ಪ," ಎಂದಳು ನಾದಿನಿ. "ಮುಚ್ಚುವಾಗಲೆಲ್ಲ ತಾನೇ ಖಾಲಿಯಾಗೋ ಹಾಗೆ ಒಂದು ಟಿಕ್ ಹಾಕಿದೆ. ಮುಚ್ಚಿ ತೆರೆದೆ, ಹೋಯ್ತು. ಹೊಸ ಮನೇಗೆ ಹಳೇ ಕಸ ಯಾಕೆ ಅಂತ."

ಮಾವ ಮಗಳತ್ತ ತಿರುಗಲಿಲ್ಲ. ಬಗ್ಗಿ, ಕೆಲಸದ ಮೇಜಿನ ಕೆಳಗೆ ನೋಡಿದರು.

ಸೊಸೆಯೂ ಅಲ್ಲೇ ನೋಡಿದಳು. ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು.

ಮೇಜಿನ ಕೆಳಗೆ ಒಂದು ತಗಡಿನ ಡಬ್ಬವಿತ್ತು. ಕಣ್ಣೊಂದು ಮುಗಿದ ಕೂಡಲೇ ಮಾವ ಅದರ ಅಚ್ಚನ್ನು ಆ ಡಬ್ಬಕ್ಕೆ ಎಸೆಯುತ್ತಿದ್ದರು. ಅದನ್ನು ಕಂಡವರು ಕಸದ ಡಬ್ಬವೆನ್ನಬೇಕು, ಹಾಗಿತ್ತು. ಮದುವೆಯಾಗಿ ಬಂದ ಮೊದಲ ವಾರ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಉಮೇದಿನಲ್ಲಿ ಅವಳು ಅದನ್ನು ಬೀದಿಯ ಕಸದ ಗಾಡಿಗೆ ಸುರಿದು, ತೊಳೆದು, ಬೋರಲು ಹಾಕಿ ಇಟ್ಟಿದ್ದಳು. ಆಗ ಮಾವ ಬರಿಗಾಲಲ್ಲಿ ಗಾಡಿಯ ಹಿಂದೆ ಓಡಿದ್ದರು. ಬೀದಿಯ ಕೊನೆಯಲ್ಲಿ ಇಬ್ಬರೂ ಕೂತು ತರಕಾರಿ ಸಿಪ್ಪೆಯ ನಡುವಿನಿಂದ ಮೂವತ್ತೆರಡು ಅಚ್ಚು ಆರಿಸಿದ್ದರು. ಬೈಯಲಿಲ್ಲ. "ಮುಗಿದದ್ದು ಮೇಜಿನ ಮೇಲಿರಬಾರದಮ್ಮ. ಮೇಜು ಖಾಲಿ ಇದ್ದರೆ ತಾನೇ ಮುಂದಿನ ಕಣ್ಣು ನೆಟ್ಟಗೆ ಕಾಣೋದು. ಹಾಗಂತ ಮುಗಿದದ್ದನ್ನ ಬಿಸಾಕೋಕಾಗುತ್ತಾ?" ಎಂದಷ್ಟೇ ಹೇಳಿದ್ದರು. ಅಂದಿನಿಂದ ಆ ಡಬ್ಬವನ್ನು ಗುಡಿಸುವಾಗಲೂ ಯಾರೂ ಸರಿಸುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಹುಡುಗಿ ಬಂದಾಗ ಮಾವ ಕೈಹಾಕಿ, ತಡಕಿ, ಅವಳ ಹಳೆಯ ಅಚ್ಚನ್ನು ತೆಗೆಯುತ್ತಿದ್ದರು.

ಮೇಜಿನ ಮೇಲಿನ ಕಂಪ್ಯೂಟರಿನಲ್ಲೂ ಹಾಗೇ. ಬಣ್ಣದ ಲೆಕ್ಕವನ್ನು ಕಾಗದದಲ್ಲಿ ಬರೆದರೆ ದ್ರಾವಣ ಚೆಲ್ಲಿ ಅಳಿಸಿಹೋಗುತ್ತದೆಂದು ತಮಗೆ ತಾವೇ ಪತ್ರ ಕಳಿಸಿಕೊಳ್ಳುತ್ತಿದ್ದರು. ಕಣ್ಣು ಮುಗಿದ ದಿನ ಆ ಪತ್ರವನ್ನು ಅಳಿಸುತ್ತಿದ್ದರು. ಅಳಿಸಿದ್ದು ಬುಟ್ಟಿಗೆ ಹೋಗಿ ಕೂರುತ್ತಿತ್ತು. ಬೇಕಾದಾಗ ಬುಟ್ಟಿಗೆ ಕೈಹಾಕುತ್ತಿದ್ದರು. ಹದಿನಾರು ವರ್ಷ ಆ ಬುಟ್ಟಿಯನ್ನು ಯಾರೂ ಖಾಲಿ ಮಾಡಿರಲಿಲ್ಲ, ಏಕೆಂದರೆ ಮೊದಲು ವ್ಯವಸ್ಥೆ ಮಾಡಿಕೊಟ್ಟು ಹೋದವರ ನಂತರ ಆ ಕಂಪ್ಯೂಟರನ್ನು ಇನ್ನೊಬ್ಬರು ಮುಟ್ಟಿರಲೇ ಇಲ್ಲ.

"ಹಳೇದನ್ನ ಹಾಕಿ," ಎಂದಳು ನಾದಿನಿ. ಅವಳೇ ಹೋಗಿ ಗುಂಡಿ ಒತ್ತಿದಳು. ಕಟಕ್. ಮೂರನೆಯ ಸಲ, ಐದನೆಯ ಸಲ. ಎಂಟನೆಯ ಸಲಕ್ಕೆ ಆ ಕಟಕ್ ಕೂಡ ನಿಂತುಹೋಯಿತು.

"ಅಯ್ಯೋ ಅತ್ತಿಗೆ, ನನ್ನ ಕೈಗಿಷ್ಟು ಬೆಂಕಿ ಹಾಕ."

"ಕೈಗೆ ಬೆಂಕಿ ಹಾಕಿದ್ರೆ ನನ್ನ ರವಿಕೆ ಹೊಲಿಯೋರು ಯಾರು? ಸುಮ್ಮನೆ ಕೂತ್ಕೋ. ಏನನ್ನೂ ಮುಟ್ಟಬೇಡ. ಮೌಸ್ ಕೂಡ."

ಅವಳು ಅಡುಗೆಮನೆಗೆ ಹೋದಳು. ಸ್ಟೂಲು ಹತ್ತಿ ಸಕ್ಕರೆ ಡಬ್ಬ ಸರಿಸುವಾಗ ಒಂದು ಯೋಚನೆ ಬಂದು ಕೈ ಅಲ್ಲೇ ನಿಂತಿತು. ಡಿಸ್ಕಿನಲ್ಲಿದ್ದುದರ ಗಾತ್ರ ನೋಡಿದ್ದಳು, ತೆರೆದು ನೋಡಿರಲಿಲ್ಲ. ಆದರೆ ಹೊಸ ಕಂಪ್ಯೂಟರಿಗೆ ಹೋದದ್ದು ಇದೇ ಡಿಸ್ಕಿನಿಂದ, ಅಲ್ಲಿ 1340 ಎಂದು ತಾನೇ ಎಣಿಸಿ ಟಿಕ್ ಹಾಕಿದ್ದಾಳೆ. ಇಲ್ಲಿಲ್ಲದ್ದು ಅಲ್ಲಿಗೆ ಎಲ್ಲಿಂದ ಬಂದೀತು? ಕೈ ಮತ್ತೆ ಮುಂದುವರಿಯಿತು.

ಬಟ್ಟೆ ಬಿಚ್ಚಿ ಡಿಸ್ಕನ್ನು ಕೆಲಸದ ಕೋಣೆಗೆ ತಂದಳು.

ಈ ಸಲ ಡಿಸ್ಕನ್ನು ಸುಮ್ಮನೆ ಚುಚ್ಚಲಿಲ್ಲ. ಮೊದಲು ತನ್ನ ಕೆಲಸದ ಲ್ಯಾಪ್‌ಟಾಪ್ ತಂದು ಅದಕ್ಕೊಂದು ನಕಲು ಇಳಿಸಿದಳು. ಇದ್ದದ್ದು ಈಗ ಇದೊಂದೇ, ಒಂದೇ ಇರುವುದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಬಾರದು. ಹೊಸದರಲ್ಲಿ ಪ್ರೋಗ್ರಾಮನ್ನು ಮುಚ್ಚಿ, ಅಲ್ಲಿದ್ದ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಡಿಸ್ಕಿನದನ್ನು ಮತ್ತೆ ಇಳಿಸಿದಳು. ತೆರೆದ ಕೂಡಲೇ ಮೊದಲು ಸೆಟ್ಟಿಂಗಿಗೆ ಹೋಗಿ, ಖಾಲಿ ಮಾಡುವ ಟಿಕ್ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಮುಚ್ಚಿದಳು, ತೆರೆದಳು. ಇನ್ನೊಮ್ಮೆ ಮುಚ್ಚಿದಳು, ತೆರೆದಳು. ಆಮೇಲೆ ಬುಟ್ಟಿಯ ಮೇಲೆ ಒತ್ತಿದಳು.

1340.

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡು, "ಹಾರದ ಮಾತು ತಮಾಷೆಗೆ ಹೇಳಿದ್ದಲ್ಲ," ಎಂದಳು.

"ಚಿಕ್ಕ ಮೇಷ್ಟ್ರು ನಾಲ್ಕು ಅಂತಿರುತ್ತೆ, ಅದನ್ನ ತೆಗಿ," ಎಂದರು ಮಾವ. ಕುರ್ಚಿ ಬಿಟ್ಟು ಸೊಸೆಯನ್ನು ಕೂರಿಸಿ ತಾವು ಹಿಂದೆ ನಿಂತರು. "ಓದು."

"'ಕಳೆದ ಸಲದ ಹಾಗೇ. ಜೇನು ಬಣ್ಣ ಒಂದು ಹನಿ ಕಡಿಮೆ.' ಅಷ್ಟೇ ಇದೆ ಮಾವ."

"ಮೂರು ತೆಗಿ."

"'ಕಳೆದ ಸಲದ ಹಾಗೇ. ಕಂದು ಎರಡು ಹನಿ ಜಾಸ್ತಿ. ಬೆಳೀತಾ ಬೆಳೀತಾ ಗಾಢ ಆಗ್ತಿದೆ.'"

"ಎರಡು."

"'ನಗುವ ಮಗುವಿನ ಹಾಗೇ. ಅಂಚಿಗೆ ಹಸಿರು ತೆಳ್ಳಗೆ, ಕೂದಲೆಳೆಯಷ್ಟು.' ನಗುವ ಮಗು ಯಾರು?"

"ಅವಳೇ. ಆಗ ಇನ್ನೂ ಮೇಷ್ಟ್ರಾಗಿರಲಿಲ್ಲ."

ನಗುವ ಮಗು ಎಂಟು ವರ್ಷದ ಹಿಂದಿನ ಪತ್ರ, ಬುಟ್ಟಿಯಲ್ಲಿ ಬಹಳ ಕೆಳಗಿತ್ತು. ಅದೊಂದರಲ್ಲಿ ಮಾತ್ರ ಪೂರ್ತಿ ಲೆಕ್ಕವಿತ್ತು: ಕಂದು ಹನ್ನೊಂದು ಹನಿ, ಜೇನು ನಾಲ್ಕು, ಕಪ್ಪು ಅರ್ಧ. ಕೆಳಗೆ ಮಾವ ಬರೆದುಕೊಂಡಿದ್ದರು: 'ಹತ್ತು ತಿಂಗಳ ಕೂಸು. ತಾಯಿ ಅಳುತ್ತಿದ್ದಳು, ಕೂಸು ನಗುತ್ತಿತ್ತು. ಬಲಗಣ್ಣಿನಲ್ಲಿ ಎಳ್ಳಿನಷ್ಟು ಹಳದಿ ಚುಕ್ಕೆ ಇದೆ. ಇದರಲ್ಲೂ ಇಡು. ಮರೆಯಬೇಡ.'

ನಾಲ್ಕರಲ್ಲಿ ಒಂದು ಕಳೆದಿದ್ದರೂ ಉಳಿದ ಮೂರು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಸೊಸೆ ಹಾಳೆಯ ಹಿಂಬದಿಯಲ್ಲಿ ಕೂಡಿಸಿ ಕಳೆದು ಇವತ್ತಿನ ಲೆಕ್ಕ ಬರೆದಳು. ಕಂದು ಹದಿಮೂರು, ಜೇನು ಮೂರು, ಕಪ್ಪು ಅರ್ಧ, ಅಂಚಿಗೆ ಹಸಿರು, ಒಂದು ಚುಕ್ಕೆ.

ಮಾವ ಕೆಲಸದ ಮೇಜಿಗೆ ಹೋಗಿ ಕೂತರು. ಎಡಗಡೆಯಿಂದ ಎಣಿಸಿ ಸೀಸೆ ಎತ್ತಿದರು, ಮುಚ್ಚಳ ತೆರೆದರು, ಮತ್ತೆ ಮುಚ್ಚಿದರು.

"ನಿನಗೆ ಗೊತ್ತಲ್ವಾ," ಎಂದರು ತಿರುಗದೆ. "ಆ ಚೀಟಿ ನೀಲಿ ಅಂಗೀಲಿತ್ತು. ಬಿಳಿ ಅಂಗೀಲಿ ಸಿಕ್ತು."

"ಹೂಂ ಮಾವ."

"ಹನಿ ನಾನು ಹಾಕ್ತೀನಿ, ಕೈ ಇನ್ನೂ ನನ್ನ ಮಾತು ಕೇಳುತ್ತೆ. ಸೀಸೆ ನೀನು ಕೊಡು. ಸೋಮವಾರ ಅವಳು ಬಂದಾಗ ಕಿಟಕಿ ಹತ್ರ ಕೂರಿಸಿ, ಇದನ್ನ ಅವಳ ಕಣ್ಣಿನ ಪಕ್ಕ ಹಿಡಿದು, ಬೇರೆ ಕಂಡರೆ ಬೇರೆ ಅನ್ನು. ಮಾವ ಅಂತ ದಾಕ್ಷಿಣ್ಯ ಮಾಡಬೇಡ."

"ದಾಕ್ಷಿಣ್ಯನಾ? ಅತ್ತಿಗೇಗಾ?" ಎಂದಳು ನಾದಿನಿ ಮೂಲೆಯಿಂದ. ಏನನ್ನೂ ಮುಟ್ಟಬಾರದೆಂದು ಅವಳ ಎರಡೂ ಕೈ ಕಂಕುಳಲ್ಲೇ ಇದ್ದವು.

ಸೋಮವಾರ ಕಿಟಕಿಯ ಬಳಿ ಸೊಸೆ ನೋಡಿ, ಕಂದು ಇನ್ನೊಂದು ಹನಿ ಬೇಕು ಎಂದಳು. ಮಾವ ಒಂದು ಹನಿ ಹಾಕಿದರು. ಬುಧವಾರ ಮಧ್ಯಾಹ್ನ ಹುಡುಗಿ ಹೊಸ ಕಣ್ಣು ತೊಟ್ಟುಕೊಂಡು ಗೋಡೆಯ ಕನ್ನಡಿಯ ಮುಂದೆ ನಿಂತಳು. ಅವಳ ತಾಯಿ ಉಸಿರು ಬಿಗಿಹಿಡಿದಿದ್ದಳು. ಹುಡುಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹತ್ತಿರ ಹೋಗಿ ಮೂಗನ್ನು ಗಾಜಿಗೆ ಒತ್ತಿ ನೋಡಿದಳು.

"ಚುಕ್ಕೆ ಇದೆ," ಎಂದಳು.

"ಇಲ್ಲದೆ ಇರುತ್ತಾ ಮೇಷ್ಟ್ರೇ? ಬೇರೆ ಏನಾದ್ರೂ ತಪ್ಪು?"

"ಕಣ್ಣಲ್ಲಿ ಇಲ್ಲ. ನಿಮ್ಮ ಕನ್ನಡಿ ಸ್ವಲ್ಪ ಎಡಕ್ಕೆ ವಾಲಿದೆ."

ಅವರು ಹೋದ ಮೇಲೆ ಮಾವ ಕನ್ನಡಿ ಸರಿಮಾಡಿದರು. ಆಮೇಲೆ ಹುಡುಗಿಯ ಅಚ್ಚನ್ನು ಮೇಜಿನ ಕೆಳಗೆ ಎಸೆದರು. ಡಬ್ಬ ಟಣ್ ಎಂದಿತು. ಹೊಸ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ತಮಗೆ ತಾವೇ ಬರೆದುಕೊಂಡರು: 'ಚಿಕ್ಕ ಮೇಷ್ಟ್ರು ಐದು. ಕಳೆದ ಸಲದ ಹಾಗೇ. ಕಂದು ಒಂದು ಹನಿ ಜಾಸ್ತಿ. ಬಣ್ಣ ಸೊಸೆ ನೋಡಿದ್ದು.' ಕಳಿಸಿದರು. ಬಂದಿತು. ಅಳಿಸಿದರು.

ಇಂಥ ಪತ್ರಗಳಿಗೆ ಬೇರೆಯೇ ಒಂದು ಫೋಲ್ಡರು ಮಾಡಿಕೊಡುತ್ತೇನೆಂದು ಸೊಸೆ ಭಾನುವಾರವೇ ಹೇಳಿದ್ದಳು. ಮಾವ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಎಪ್ಪತ್ತರ ಕೈಯ ಅಭ್ಯಾಸ ತಿದ್ದುವುದಕ್ಕಿಂತ ಯಂತ್ರಕ್ಕೆ ಬುದ್ಧಿ ಹೇಳುವುದು ಸುಲಭವೆಂದು, ಪ್ರತಿ ಭಾನುವಾರ ಬುಟ್ಟಿಯ ಸಮೇತ ಎಲ್ಲದರ ನಕಲು ತಾನಾಗಿಯೇ ಡಿಸ್ಕಿಗೆ ಇಳಿಯುವ ಹಾಗೆ ಅವಳು ಮಾಡಿಟ್ಟಿದ್ದಳು. ಈಗ ಸಕ್ಕರೆ ಡಬ್ಬದ ಹಿಂದೆ ಎತ್ತಿಟ್ಟಿದ್ದ ಎಣಿಕೆಯ ಹಾಳೆ ತೆಗೆದು, ಕೊನೆಯ ಸಾಲಿನ 1340ನ್ನು ಹೊಡೆದುಹಾಕಿ ಪಕ್ಕದಲ್ಲಿ 1341 ಎಂದು ಬರೆದಳು.